ಬಟ್ಟೆ ಚೀಲ, ಸ್ಟೀಲ್ ಬಾಟಲಿ, ಕಾರ್ಲ್ ಮಾರ್ಕ್ಸ್: ಕೊಳ್ಳೋದು ಬದಲಾದರೆ ಸಾಕಾ?

ಎರೆಹುಳು:
ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪರಿಸರದ ಮಾತು ಅಂಗಡಿಯಲ್ಲಿ ಶುರುವಾಗಿ ಅಂಗಡಿಯಲ್ಲೇ ಮುಗಿಯುತ್ತದೆ. ಬಿದಿರಿನ ಟೂತ್‌ಬ್ರಷ್ ಎಲ್ಲಿ ಸಿಗುತ್ತದೆ, ಯಾವ ಸ್ಟೀಲ್ ಬಾಟಲಿ ಗಟ್ಟಿ, ಸಾವಯವ ಬೆಲ್ಲ ಕೆಜಿಗೆ ಎಷ್ಟು. ನಾನೂ ಬಟ್ಟೆ ಚೀಲ ಹಿಡಿದೇ ಹೊರಡುವವನು, ಅಣಕ ಮಾಡುತ್ತಿಲ್ಲ.

ಆದರೆ ಈಚೆಗೆ ಮಾರ್ಕ್ಸ್‌ನ 'ಬಂಡವಾಳ' ಓದುತ್ತಿದ್ದೇನೆ. 1867ರ ಮೊದಲ ಸಂಪುಟ. ಅದರಲ್ಲಿ ಯಂತ್ರಗಳ ಬಗ್ಗೆ ಒಂದು ದೊಡ್ಡ ಅಧ್ಯಾಯ ಇದೆ. ಅದರ ಬಾಲದಲ್ಲಿ ಬೇಸಾಯದ ಮೇಲೆ ಒಂದೆರಡು ಪುಟ. ಅಲ್ಲಿನ ಮಾತನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಜನ ಹಳ್ಳಿ ಬಿಟ್ಟು ಪಟ್ಟಣ ಸೇರುತ್ತಾರೆ. ಅನ್ನ, ಬಟ್ಟೆ ಆಗಿ ಮಣ್ಣಿನ ಸಾರ ಅವರ ಹಿಂದೆಯೇ ಪಟ್ಟಣಕ್ಕೆ ಹೋಗುತ್ತದೆ. ಹೋದದ್ದು ಹೊಲಕ್ಕೆ ವಾಪಸ್ ಬರುವುದಿಲ್ಲ. ಬಂಡವಾಳದ ಬೇಸಾಯ ಎಷ್ಟು ಮುಂದುವರಿಯುತ್ತದೋ, ಕೆಲಸಗಾರನನ್ನೂ ಮಣ್ಣನ್ನೂ ಒಟ್ಟಿಗೆ ದೋಚುವ ಕೈಚಳಕವೂ ಅಷ್ಟೇ ಮುಂದುವರಿಯುತ್ತದೆ.

ಮೂರನೇ ಸಂಪುಟ ಮಾರ್ಕ್ಸ್ ತೀರಿಕೊಂಡ ಮೇಲೆ, 1894ರಲ್ಲಿ, ಅವನ ಗೆಳೆಯ ಎಂಗೆಲ್ಸ್ ಕೈಯಿಂದ ಹೊರಬಂತು. ಅಲ್ಲಿ ಮಾತು ಇನ್ನೂ ನೇರ. ಲಂಡನ್ನಿನ 45 ಲಕ್ಷ ಜನರ ಮಲವನ್ನು ಭಾರಿ ಖರ್ಚು ಮಾಡಿ ಥೇಮ್ಸ್ ನದಿ ಕೆಡಿಸುವುದಕ್ಕೆ ಬಳಸುತ್ತಾರೆ, ಇದಕ್ಕಿಂತ ಒಳ್ಳೆಯದೇನೂ ಇವರಿಗೆ ಹೊಳೆಯಲಿಲ್ಲ ಅಂತ ಗೇಲಿ ಮಾಡುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಬೆಲ್ಲಮಿ ಫಾಸ್ಟರ್ 1999ರಲ್ಲಿ ಈ ಚದುರಿದ ಮಾತುಗಳನ್ನೆಲ್ಲ ಕೂಡಿಸಿ 'ಮೆಟಬಾಲಿಕ್ ರಿಫ್ಟ್' ಅಂತ ಹೆಸರಿಟ್ಟರು. ಮನುಷ್ಯನಿಗೂ ಮಣ್ಣಿಗೂ ನಡುವಿನ ಕೊಡು-ಕೊಳ್ಳುವಿಕೆ ಕಡಿದುಹೋಗಿದೆ ಅನ್ನುವುದು ಅದರ ತಿರುಳು.

ನನ್ನ ಪ್ರಶ್ನೆ ಇಷ್ಟೇ. ಕಡಿದದ್ದು ಆ ಕೊಂಡಿ ಆದರೆ, ನಾನು ಅಂಗಡಿಯಲ್ಲಿ ಯಾವ ಬ್ರಷ್ ಆರಿಸಿದರೆ ಅದಕ್ಕೇನು ವ್ಯತ್ಯಾಸ?

ಮಣ್ಣುಪರೀಕ್ಷೆ:
ನಾನು ಕೃಷಿ ಓದಿದವಳು, ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಮಾರ್ಕ್ಸ್ ಇದನ್ನು ಎಲ್ಲಿಂದ ತಂದ ಅನ್ನುವುದು ನಮ್ಮ ಕಡೆಯವರಿಗೆ ಗೊತ್ತಿರುವ ಕಥೆ, ಹೇಳಿಬಿಡುತ್ತೇನೆ.

ಯುಸ್ಟಸ್ ಫಾನ್ ಲೀಬಿಗ್ ಅಂತ ಜರ್ಮನಿಯ ರಸಾಯನ ವಿಜ್ಞಾನಿ. ಗಿಡಕ್ಕೆ ಮಣ್ಣಿನಿಂದ ಯಾವ ಯಾವ ಖನಿಜ ಬೇಕು ಅಂತ 1840ರಲ್ಲಿ ಪುಸ್ತಕ ಬರೆದ. 1862ರ ಆವೃತ್ತಿ ಬರುವಷ್ಟರಲ್ಲಿ ಅವನಿಗೆ ರೇಗಿಹೋಗಿತ್ತು. ಇಂಗ್ಲೆಂಡಿನ ಬೇಸಾಯವನ್ನು ಸೀದಾ ಲೂಟಿ ಅಂತಲೇ ಕರೆದ. ಯುರೋಪಿನ ಮೂಳೆಯೆಲ್ಲ ಇಂಗ್ಲೆಂಡಿಗೆ ಗೊಬ್ಬರಕ್ಕೆ ಹೋಗುತ್ತಿದೆ, ಯುದ್ಧಭೂಮಿಯಲ್ಲಿ ಸತ್ತವರ ಮೂಳೆಯನ್ನೂ ಬಿಟ್ಟಿಲ್ಲ ಅಂತ ಅವನ ದೂರು. ಮಾರ್ಕ್ಸ್ ಇದನ್ನು ಓದಿ 1866ರ ಫೆಬ್ರವರಿಯಲ್ಲಿ ಎಂಗೆಲ್ಸ್‌ಗೆ ಬರೆದ: ಈ ವಿಷಯಕ್ಕೆ ಅರ್ಥಶಾಸ್ತ್ರಜ್ಞರೆಲ್ಲ ಸೇರಿದರೂ ಲೀಬಿಗ್‌ನಂಥ ರಸಾಯನಶಾಸ್ತ್ರದವರೇ ಮುಖ್ಯ ಅಂತ.

ಇನ್ನು ಗ್ವಾನೋ, ಅಂದರೆ ಗೊಬ್ಬರವಾಗುವ ಹಕ್ಕಿ ಹಿಕ್ಕೆ. ಇದನ್ನು ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ಗೊತ್ತಿಲ್ಲ. ಪೆರು ದೇಶದ ಕರಾವಳಿಯಲ್ಲಿ ಚಿಂಚಾ ಅಂತ ಪುಟ್ಟ ದ್ವೀಪಗಳಿವೆ. ಅಲ್ಲಿ ಮಳೆ ಬರುವುದೇ ಅಪರೂಪ. ಹಾಗಾಗಿ ಕಡಲಹಕ್ಕಿಗಳ ಹಿಕ್ಕೆ ತೊಳೆದುಹೋಗದೆ ಗುಡ್ಡದ ಹಾಗೆ ಕೂತಿತ್ತು. 1840ರ ದಶಕದಿಂದ ಇಂಗ್ಲೆಂಡಿನ ಹಡಗುಗಳು ಅದನ್ನು ಅಗೆದು ಒಯ್ದವು. ಅಗೆಯೋಕೆ ಚೀನಾದಿಂದ ಕರಾರು ಕೂಲಿಗಳನ್ನು ತಂದರು. ಆ ದೂಳಿನಲ್ಲಿ ಅವರು ಬದುಕಿದ್ದು ಹೇಗೆ ಅಂತ ಓದಿದರೆ ಊಟ ಸೇರುವುದಿಲ್ಲ. ಅಮೆರಿಕ 1856ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿತು. ಯಾರದೂ ಅಲ್ಲದ ಗ್ವಾನೋ ದ್ವೀಪ ಕಂಡರೆ ಅಮೆರಿಕದ ಪ್ರಜೆ ಅದನ್ನು ನಮ್ಮದು ಅನ್ನಬಹುದು! 1870ರ ದಶಕಕ್ಕೆ ಚಿಂಚಾ ಬರಿದಾಯಿತು. ಆಮೇಲೆ ಅಟಕಾಮಾ ಮರುಭೂಮಿಯ ನೈಟ್ರೇಟ್. ಅದಕ್ಕಾಗಿ 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ಯುದ್ಧ. ಬೊಲಿವಿಯಾ ತನ್ನ ಕಡಲತೀರವನ್ನೇ ಕಳೆದುಕೊಂಡಿತು. ಯುರೋಪಿನ ಹೊಲಗಳಿಗೆ ಗೊಬ್ಬರ ಬೇಕಿತ್ತು, ಒಂದು ದೇಶಕ್ಕೆ ಸಮುದ್ರ ಹೋಯಿತು.

1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯ ಮಾಡಿ ತೋರಿಸಿದ. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಬಾಷ್ ಕಾರ್ಖಾನೆ ಎಬ್ಬಿಸಿದ. ನಮ್ಮ ಯೂರಿಯಾ ಚೀಲದ ಅಜ್ಜ ಆ ಕಾರ್ಖಾನೆಯೇ. ಆದರೆ ರಂಜಕವನ್ನು ಗಾಳಿಯಿಂದ ಮಾಡೋಕಾಗಲ್ಲ, ಬಂಡೆ ಅಗೆಯಲೇಬೇಕು. ಭಾರತಕ್ಕೆ ಅದರ ಬಹುಪಾಲು ಹೊರಗಿನಿಂದಲೇ ಬರಬೇಕು. ಪೊಟ್ಯಾಶ್ ಅಂತೂ ಹೆಚ್ಚುಕಡಿಮೆ ಪೂರ್ತಿ ಆಮದು. ಹಡಗು ತಡವಾದರೆ ಇಲ್ಲಿ ಸೊಸೈಟಿ ಮುಂದೆ ಸಾಲು. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ಆದ ಪರದಾಟ ನೋಡಿದ್ದೀರಲ್ಲ.

ನಮ್ಮ ಲ್ಯಾಬಿಗೆ ಬರುವ ಬಯಲುಸೀಮೆ ಮಣ್ಣಿನಲ್ಲಿ ಸಾವಯವ ಇಂಗಾಲ ಅರ್ಧ ಪರ್ಸೆಂಟ್ ದಾಟಿದರೆ ನಮಗೆ ಖುಷಿ. ಕೊಂಡಿ ಕಡಿದ ಜಾಗಕ್ಕೆ ಯೂರಿಯಾ ಸುರಿದು ದಶಕಗಳಿಂದ ತೇಪೆ ಹಾಕುತ್ತಿದ್ದೇವೆ.

ನಿಷ್ಠುರವಾದಿ:
ಎಲ್ಲ ಚೆನ್ನಾಗಿದೆ. ಬಂಡವಾಳಶಾಹಿ ಮಣ್ಣು ತಿಂದಿತು, ಒಪ್ಪಿದೆ. ಮಾರ್ಕ್ಸ್ ಹೆಸರು ಹೇಳಿಕೊಂಡು ಆಳಿದವರು ಏನು ಮಾಡಿದರು? ಅರಲ್ ಸಮುದ್ರ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1960ರ ದಶಕದಿಂದ ಸೋವಿಯತ್ ಸರ್ಕಾರ ಅಮು ದರಿಯಾ, ಸಿರ್ ದರಿಯಾ ಎರಡೂ ನದಿಗಳನ್ನು ಹತ್ತಿ ಹೊಲಕ್ಕೆ ತಿರುಗಿಸಿತು. ಉಜ್ಬೆಕಿಸ್ತಾನದ ಮೊಯ್ನಾಕ್ ಮೀನುಗಾರರ ಬಂದರಾಗಿತ್ತು. ಈಗ ಅಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ಒಣಗಿದ ತಳದಿಂದ ಉಪ್ಪು, ಕೀಟನಾಶಕದ ದೂಳು ಎದ್ದು ಊರೆಲ್ಲ ಕಾಯಿಲೆ. ಅಲ್ಲಿ ಯಾವ ಬಂಡವಾಳಗಾರ ಇದ್ದ ಸ್ವಾಮಿ?

ಎರೆಹುಳು:
ಇದ್ದಿಲ್ಲ. ಈ ಏಟನ್ನು ತಿನ್ನಲೇಬೇಕು. ಮೇಲಿನಿಂದ ಟನ್ ಲೆಕ್ಕದಲ್ಲಿ ಗುರಿ ಕೊಟ್ಟರೆ, ಗುರಿ ಕೊಟ್ಟವನು ಮಾಸ್ಕೋದಲ್ಲಿದ್ದರೂ ಷೇರುಪೇಟೆಯಲ್ಲಿದ್ದರೂ ನದಿಗೆ ವ್ಯತ್ಯಾಸ ಗೊತ್ತಾಗಲ್ಲ. 'ಆ ದೇಶ ನಿಜವಾದ ಸಮಾಜವಾದವೇ ಅಲ್ಲ' ಅಂತ ನುಣುಚಿಕೊಳ್ಳುವವರನ್ನು ನಾನು ಜಾಸ್ತಿ ನಂಬುವುದಿಲ್ಲ. ಆದರೆ ಅದೇ ದೇಶದಲ್ಲಿ 1920ರ ದಶಕದಲ್ಲಿ ಕಾಡು ಕಾಯ್ದಿಡುವ ಮೀಸಲು ಪ್ರದೇಶಗಳಿದ್ದವು, ಜೀವಗೋಳದ ಬಗ್ಗೆ ವಿಜ್ಞಾನಿ ವೆರ್ನಾಡ್‌ಸ್ಕಿ 1926ರಲ್ಲೇ ಪುಸ್ತಕ ತಂದಿದ್ದ. ಬೀಜ ಸಂಗ್ರಹಿಸುತ್ತ ಜಗತ್ತು ಸುತ್ತಿದ ಸಸ್ಯವಿಜ್ಞಾನಿ ವಾವಿಲೋವ್ 1943ರಲ್ಲಿ ಸ್ಟಾಲಿನ್ನನ ಜೈಲಿನಲ್ಲಿ ಸತ್ತ. ಆ ದಾರಿ ಇತ್ತು, ಮುಚ್ಚಿದರು.

ಟೋಕಿಯೋ ಕನ್ನಡಿಗ:
ಇಲ್ಲಿ ಜಪಾನಿನಲ್ಲಿ ಒಂದು ಮಜಾ ಆಗಿದೆ. ಕೋಹೆ ಸೈತೋ ಅಂತ ಮೇಷ್ಟ್ರು 2020ರಲ್ಲಿ ಮಾರ್ಕ್ಸ್ ಮತ್ತು ಹವಾಮಾನದ ಬಗ್ಗೆ ಜೇಬಿನಲ್ಲಿ ಹಿಡಿಸುವಂಥ ಪುಸ್ತಕ ಬರೆದರು. ಐದು ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಕೋಟು ಹಾಕಿಕೊಂಡು ರೈಲಿನಲ್ಲಿ ನಿಂತವರ ಕೈಯಲ್ಲಿ ಮಾರ್ಕ್ಸ್!

ಅವರು ಮಾಡಿದ ಮುಖ್ಯ ಕೆಲಸ ಬೇರೆ. ಮಾರ್ಕ್ಸ್ ಕೊನೆಗಾಲದಲ್ಲಿ ಬರೆದಿಟ್ಟ ಟಿಪ್ಪಣಿ ಪುಸ್ತಕಗಳನ್ನು ಕೂತು ಓದಿದರು. 1868ರ ನಂತರ ಮಾರ್ಕ್ಸ್ ಫ್ರಾಸ್ ಅನ್ನುವ ವಿಜ್ಞಾನಿಯನ್ನು ಓದುತ್ತಾನೆ. ಕಾಡು ಕಡಿದರೆ ಹವೆ ಬದಲಾಗುತ್ತದೆ, ಹಳೆಯ ನಾಗರಿಕತೆಗಳ ನೆಲ ಹೀಗೇ ಬರಡಾಯಿತು ಅನ್ನುವ ವಾದ ಅವನದು. ಮಾರ್ಕ್ಸ್ 1881ರಲ್ಲಿ ರಷ್ಯಾದ ಕ್ರಾಂತಿಕಾರಿ ವೆರಾ ಜಾಸುಲಿಚ್‌ಗೆ ಪತ್ರ ಬರೆಯುವಾಗ ಅಲ್ಲಿನ ಹಳ್ಳಿಗಳ ಸಮುದಾಯ ಭೂಮಿಯ ಬಗ್ಗೆ ಗೌರವದಿಂದ ಮಾತಾಡುತ್ತಾನೆ. ಇದನ್ನೆಲ್ಲ ಕೂಡಿಸಿ ಸೈತೋ, ಮಾರ್ಕ್ಸ್ ಕೊನೆಗೆ 'ಬೆಳವಣಿಗೆ ಬೇಡ' ಅನ್ನುವ ಕಡೆ ವಾಲಿದ್ದ ಅನ್ನುತ್ತಾರೆ. ನನಗೆ ಅದು ಸ್ವಲ್ಪ ಎಳೆದ ಹಾಗೆ ಕಾಣುತ್ತದೆ. ಟಿಪ್ಪಣಿ ಮಾಡಿಕೊಂಡದ್ದೆಲ್ಲ ನಿಲುವಾಗಲ್ಲ. ಮಾರ್ಕ್ಸ್‌ವಾದಿಗಳಲ್ಲೇ ಈ ಬಗ್ಗೆ ಜಟಾಪಟಿ ನಡೆದಿದೆ.

ಬಾಳೆತೋಟ:
ಪುಸ್ತಕದ ಮಾತು ನನಗೆ ಅಷ್ಟು ಗೊತ್ತಿಲ್ಲ. ಲಂಡನ್ ವಿಷಯ ಓದಿ ನಗು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಆನೇಕಲ್ ಕಡೆ. ಒಳಚರಂಡಿ ಇಲ್ಲದ ಬಡಾವಣೆಗಳ ಶೌಚದ ಪಿಟ್ ಖಾಲಿ ಮಾಡುವ ಲಾರಿ ಬರುತ್ತದಲ್ಲ, ಅದರ ಸರಕು ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿದ್ದೀರಾ? ಸ್ವಲ್ಪ ಭಾಗ ನಮ್ಮ ತೋಟಕ್ಕೆ.

ತೋಟದ ಮೂಲೆಯಲ್ಲಿ ಗುಂಡಿ ತೋಡಿರುತ್ತೇವೆ. ಲಾರಿಯವನು ಪೈಪ್ ಬಿಟ್ಟು ಸುರಿದು ಹೋಗುತ್ತಾನೆ. ಮೇಲೆ ಬಾಳೆ ಎಲೆ, ತೆಂಗಿನ ಗರಿ, ಕಸ ಕಡ್ಡಿ ಹಾಕುತ್ತೇವೆ. ಮೊದಲ ವಾರ ಆ ಕಡೆ ಸುಳಿಯೋಕಾಗಲ್ಲ. ಆಮೇಲೆ ಮೇಲ್ಗಡೆ ಬಿರುಕು ಬಿಡುತ್ತದೆ, ವಾಸನೆ ಇಳಿಯುತ್ತದೆ. ಬೇಸಿಗೆ ಪೂರ್ತಿ ಒಣಗಬೇಕು. ಕೈಯಲ್ಲಿ ಹಿಡಿದರೆ ಟೀ ಪುಡಿ ಹಾಗೆ ಉದುರಬೇಕು, ಆಗ ತೆಗೆಯುತ್ತೇವೆ. ಬಾಳೆಗೆ, ತೆಂಗಿಗೆ, ಹಿಪ್ಪುನೇರಳೆಗೆ ಹಾಕುತ್ತೇವೆ. ಸೊಪ್ಪಿಗೆ, ಕ್ಯಾರೆಟ್ಟಿಗೆ ಹಾಕಬಾರದು, ಹಸಿ ತಿನ್ನುವಂಥದ್ದು. ಬಾಳೆ ಗೊನೆ ಬರುವುದು ನೋಡಬೇಕು ನೀವು. ಡಿಎಪಿ ಗೊಬ್ಬರದ ಒಂದು ಚೀಲಕ್ಕೆ 1350 ರೂಪಾಯಿ ಕೊಡುವವನಿಗೆ ಇದರ ಬೆಲೆ ಗೊತ್ತು.

ತೊಂದರೆಯೂ ಇದೆ. ಒಣಗಿದ ಮೇಲೆ ಜರಡಿ ಹಿಡಿದರೆ ಶಾಂಪೂ ಪ್ಯಾಕೆಟ್, ಪ್ಯಾಡ್, ಬ್ಲೇಡ್, ಮಕ್ಕಳ ಡೈಪರ್ ಸಿಗುತ್ತದೆ. ನಿಮ್ಮ ಪ್ಲಾಸ್ಟಿಕ್ ಬಿಡುವ ವ್ರತ ಅಂಗಡಿ ಬಾಗಿಲಿಗೆ ಮಾತ್ರ, ಬಚ್ಚಲು ಮನೆಗೆ ಇಲ್ಲ ಅನ್ನಿಸುತ್ತದೆ.

ಎರೆಹುಳು:
ಬಾಳೆತೋಟದವರೇ, ಮಾರ್ಕ್ಸ್ ಬಿಟ್ಟು ನಿಮ್ಮನ್ನೇ ಓದೋಣ ಅನ್ನಿಸುತ್ತಿದೆ. ಕೊಂಡಿ ಜೋಡಿಸುವ ಕೆಲಸ ಯಾವ ಸರ್ಕಾರದ ಯೋಜನೆಯೂ ಇಲ್ಲದೆ ನಡೆದಿದೆ ನೋಡಿ.

ನೀಲಿ ಶಾಯಿ:
ಸ್ವಲ್ಪ ನಿಲ್ಲಿ. 'ಕೊಂಡಿ' ಅಂತ ಇಷ್ಟು ಸಂಭ್ರಮ ಪಡುವ ಮೊದಲು ಒಂದು ಕೇಳುತ್ತೇನೆ. ನಮ್ಮ ಪಟ್ಟಣಗಳಲ್ಲಿ ಮಲ ಹೊಲಕ್ಕೆ ಹೋಗುತ್ತಿದ್ದ ಕಾಲ ಇತ್ತು. ಕೊಂಡಿ ಕಡಿದಿರಲಿಲ್ಲ. ಆದರೆ ಅದನ್ನು ತಲೆ ಮೇಲೆ ಹೊತ್ತವರು ಯಾರು? ಯಾವ ಕೇರಿಯವರು? ಲೀಬಿಗ್‌ಗೂ ಮಾರ್ಕ್ಸ್‌ಗೂ ಆ ಪ್ರಶ್ನೆ ಬರಲಿಲ್ಲ, ಯಾಕೆಂದರೆ ಲಂಡನ್ನಿನಲ್ಲಿ ಜಾತಿ ಇರಲಿಲ್ಲ. ನಮ್ಮಲ್ಲಿ ಮಣ್ಣಿನ ಚಕ್ರ ತಿರುಗಿದ್ದೇ ಜಾತಿಯ ಬಲದಿಂದ.

ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧ ಮಾಡಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಮತ್ತೆ ಬಿಗಿ ಮಾಡಿ 2013ರಲ್ಲಿ. ನಡುವೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದರು, ನೆನಪಿದೆಯಾ? 2023ರಲ್ಲಿ ಸುಪ್ರೀಂ ಕೋರ್ಟ್ ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಿ ಅಂದಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದರೆ ಸಾಯುವುದು ನಿಂತಿಲ್ಲ ಅಂತ ತಾನೇ?

ಹಾಗಾಗಿ ಬಾಳೆತೋಟದವರಿಗೆ ಒಂದು ಪ್ರಶ್ನೆ. ಲಾರಿ ಪೈಪ್ ಕಟ್ಟಿಕೊಂಡರೆ ಗುಂಡಿಗೆ ಇಳಿಯುವುದು ಯಾರು? ಒಣಗಿದ್ದನ್ನು ಜರಡಿ ಹಿಡಿಯುವುದು ಯಾರು?

ಬಾಳೆತೋಟ:
ಅಕ್ಕಾ, ಪ್ರಶ್ನೆ ಸರಿಯಾಗಿದೆ. ನಮ್ಮ ತೋಟದಲ್ಲಿ ಪೂರ್ತಿ ಒಣಗಿದ ಮೇಲೆ ಜೆಸಿಬಿ ಬರುತ್ತದೆ. ಜರಡಿ ನಾನು, ನನ್ನ ತಮ್ಮ ಹಿಡಿಯುತ್ತೇವೆ. ಬೇರೆ ತೋಟಗಳಲ್ಲಿ ಹಾಗಿಲ್ಲ, ಕೂಲಿಗೆ ಬರುವವರ ಕೈಯಲ್ಲಿ ಗ್ಲೌಸ್ ಕೂಡ ಇರಲ್ಲ. ಲಾರಿಯ ಹುಡುಗರು ಒಳಗೆ ಇಳಿಯುತ್ತಾರಾ ಅಂದರೆ, ಇಳಿಯಬಾರದು ಅಂತ ಎಲ್ಲರಿಗೂ ಗೊತ್ತು. ರಾತ್ರಿ ಹೊತ್ತು ಮನೆ ಮಾಲೀಕ ಜೋರು ಮಾಡಿದರೆ ಏನಾಗುತ್ತದೆ ಅಂತಲೂ ಎಲ್ಲರಿಗೂ ಗೊತ್ತು.

ನೀಲಿ ಶಾಯಿ:
ಅಷ್ಟು ನೇರವಾಗಿ ಹೇಳಿದ್ದಕ್ಕೆ ಸಂತೋಷ. 'ಸುಸ್ಥಿರ' ಅನ್ನುವ ಯಾವ ಪದಾರ್ಥವನ್ನು ತೋರಿಸಿದರೂ ನಾನು ಕೇಳುವುದು ಇದನ್ನೇ. ಕೊಳ್ಳುವವರ ಮನಸ್ಸಿಗೆ ಹಗುರ ಆಯಿತು, ಸರಿ. ಭಾರ ಯಾರ ಮೇಲೆ ಹೋಯಿತು?

ಕೆರೆಯಂಗಳ:
ಕೋಲಾರದವನು ನಾನು. ಬೆಂಗಳೂರಿನ ಭಾರ ಎಲ್ಲಿಗೆ ಬರುತ್ತದೆ ಅಂತ ನಮ್ಮನ್ನು ಕೇಳಿ.

ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಎತ್ತಿ ಬೆಂಗಳೂರಿಗೆ ತರುತ್ತಾರೆ. ಬಳಸಿದ ಮೇಲೆ ಅದು ಕೊಳಚೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆ.ಸಿ. ವ್ಯಾಲಿ ಅಂದರೆ ಇಲ್ಲಿ ಚಿಕ್ಕ ಮಗುವಿಗೂ ಗೊತ್ತು. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಶುರುವಿನಲ್ಲೇ ಅಲ್ಲಿ ನೊರೆ ಎದ್ದಿತು. ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ತನಕ ಹೋಯಿತು. ಈಗ ನೀರು ಹರಿಯುತ್ತಿದೆ.

ನಾನು ಪೂರ್ತಿ ವಿರೋಧಿಯಲ್ಲ. ಎಷ್ಟೋ ವರ್ಷ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ನಿಂತದ್ದು ನೋಡಿದಾಗ ನಮ್ಮ ತಂದೆ ಮಾತೇ ಆಡಲಿಲ್ಲ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಆದರೆ ಎರಡು ಹಂತದ ಶುದ್ಧೀಕರಣ ಮಾತ್ರ ಮಾಡಿ ಬಿಡುತ್ತಾರೆ. ಮೂರನೇ ಹಂತವೂ ಮಾಡಿ ಅಂತ ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಬೆಂಗಳೂರಿಗೆ ಕಾವೇರಿ, ನಮಗೆ ಬೆಂಗಳೂರು ತೊಳೆದ ನೀರು. ಆ ನೀರಿನಲ್ಲಿ ಬೆಳೆದ ಟೊಮ್ಯಾಟೊ, ಸೊಪ್ಪು ಮತ್ತೆ ಬೆಂಗಳೂರಿಗೇ ಹೋಗುತ್ತದೆ. ಚಕ್ರ ಪೂರ್ತಿಯಾಯಿತು ಅಂತ ಮಾರ್ಕ್ಸ್ ಖುಷಿ ಪಡುತ್ತಿದ್ದನಾ?

ಇನ್ನೊಂದು. ಮಿತವ್ಯಯದ ಮಾತನ್ನೂ ಸೇರಿಸಿಬಿಡುತ್ತೇನೆ. ಹನಿ ನೀರಾವರಿ ಬಂದಾಗ ನೀರು ಉಳಿಯುತ್ತದೆ ಅಂದರು. ಸಬ್ಸಿಡಿ ಕೊಟ್ಟರು. ಉಳಿದ ನೀರಿಗೆ ನಾವು ಇನ್ನೊಂದು ಎಕರೆ ಟೊಮ್ಯಾಟೊ ಹಾಕಿದೆವು. ಬೋರು 1200, 1500 ಅಡಿಗೆ ಇಳಿಯಿತು. ಯಾರದೂ ದುರಾಸೆ ಅಂತಲ್ಲ. ಸಾಲ ಇತ್ತು, ಪೇಟೆಯಲ್ಲಿ ರೇಟು ಬಿದ್ದಿತ್ತು, ಜಾಸ್ತಿ ಬೆಳೆಯದೆ ಬೇರೆ ದಾರಿ ಇರಲಿಲ್ಲ.

ಮಣ್ಣುಪರೀಕ್ಷೆ:
ಇದನ್ನೇ ಜೆವನ್ಸ್ ಅನ್ನುವ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ಹೇಳಿದ್ದ. ಎಂಜಿನ್ ಕಡಿಮೆ ಇದ್ದಲಿನಲ್ಲಿ ಓಡಲು ಕಲಿತಷ್ಟೂ ದೇಶ ಸುಡುವ ಇದ್ದಲು ಜಾಸ್ತಿಯಾಯಿತು. ಅವನು ಮಾರ್ಕ್ಸ್‌ವಾದಿ ಅಲ್ಲವೇ ಅಲ್ಲ. ಫಾಸ್ಟರ್ ಕಡೆಯವರು ಅವನನ್ನು ಎತ್ತಿಕೊಂಡು, ಲಾಭ ಮತ್ತೆ ಹೂಡಿಕೆ ಆಗಲೇಬೇಕಾದ ವ್ಯವಸ್ಥೆಯಲ್ಲಿ ಉಳಿತಾಯ ಉಳಿತಾಯವಾಗಿ ಇರುವುದೇ ಇಲ್ಲ ಅನ್ನುತ್ತಾರೆ. ನಿಮ್ಮ ಟೊಮ್ಯಾಟೊ ಹೊಲ ಅದಕ್ಕೆ ಇಂಗ್ಲೆಂಡಿಗಿಂತ ಒಳ್ಳೆಯ ಸಾಕ್ಷಿ.

ವರದಾ ತೀರ:
ಬಟ್ಟೆ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಮಾಲ್‌ನಲ್ಲಿ ರೇಯಾನ್, ವಿಸ್ಕೋಸ್ ಕುರ್ತಾ ನೋಡಿರಿ. 'ಮರದಿಂದ ಬಂದ ನೂಲು, ಪರಿಸರಸ್ನೇಹಿ' ಅಂತ ಹಸಿರು ಎಲೆಯ ಚಿತ್ರದ ಚೀಟಿ ಇರುತ್ತದೆ. ಮರದಿಂದ ಬಂದದ್ದು ಹೌದು. ಯಾರ ನೆಲದ ಮರ?

ನಮ್ಮ ಕಡೆ ಇದರ ಕಥೆ ಇದೆ. 1984ರಲ್ಲಿ ರಾಜ್ಯ ಸರ್ಕಾರ ಹರಿಹರದ ನೂಲಿನ ಕಾರ್ಖಾನೆ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಕಟ್ಟಿತು. ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಜಮೀನಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ. ಅದು ಊರವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಊರವರು ಸೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಸಸಿ ಹಚ್ಚಿದರು. ಕೆಲವೇ ವರ್ಷಕ್ಕೆ ಆ ಕಂಪನಿ ಮುಚ್ಚಿತು. ಅದಕ್ಕೂ ಮೊದಲು ಕಾರ್ಖಾನೆಯ ಕೊಳೆ ತುಂಗಭದ್ರೆಗೆ ಸೇರಿ ಮೀನು ಸತ್ತು, ಅದರ ಹೋರಾಟವೂ ನಡೆದಿತ್ತು.

ಇಲ್ಲಿ ಯಾರೂ ಬಟ್ಟೆ ಬಹಿಷ್ಕಾರ ಮಾಡಲಿಲ್ಲರೀ. ಕೊಳ್ಳುವವರಿಗೆ 'ರೇಯಾನ್ ಬಿಡಿ' ಅಂತ ಬುದ್ಧಿ ಹೇಳಿದ್ದರೆ ಇವತ್ತಿಗೂ ಹೇಳುತ್ತಲೇ ಇರುತ್ತಿದ್ದೆವು. ನೆಲ ಯಾರದು, ಅದರಲ್ಲಿ ಏನು ಬೆಳೆಯಬೇಕು ಅನ್ನುವುದನ್ನು ಹಿಡಿದುಕೊಂಡರು. ಅವರಲ್ಲಿ ಗಾಂಧಿಯ ದಾರಿಯವರೇ ಜಾಸ್ತಿ, ಮಾರ್ಕ್ಸ್ ಹೆಸರು ಹೇಳಿದವರು ಕಡಿಮೆ. ಆದರೂ ಎರೆಹುಳು ಅವರ ಮೊದಲ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಕುಸನೂರು.

ನಿಷ್ಠುರವಾದಿ:
ಕುಸನೂರು ಒಪ್ಪುತ್ತೇನೆ. ಆದರೆ ಈ ವಾದಕ್ಕೆ ಒಂದು ಸೋಮಾರಿತನದ ಬಾಲ ಇರುತ್ತದೆ. 'ವ್ಯವಸ್ಥೆ ಬದಲಾಗಬೇಕು, ಅಲ್ಲಿಯ ತನಕ ನಾನು ವಾರಕ್ಕೊಮ್ಮೆ ವಿಮಾನ ಹತ್ತುತ್ತೇನೆ.' ಇಂಥ ಕಾಮ್ರೇಡುಗಳನ್ನು ನೋಡಿದ್ದೇನೆ. ಆಕ್ಸ್‌ಫ್ಯಾಮ್ ಅನ್ನುವ ಬಡತನ ವಿರೋಧಿ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 1990ರಿಂದ 2015ರವರೆಗಿನ ಇಂಗಾಲ ಉಗುಳಿಕೆಯಲ್ಲಿ 52% ಜಗತ್ತಿನ ಮೇಲಿನ 10% ಶ್ರೀಮಂತರದು. ಕೆಳಗಿನ ಅರ್ಧ ಜನರದು 7%. ಬಳಕೆ ಅನ್ನುವುದು ಸುಳ್ಳು ಪ್ರಶ್ನೆ ಅಲ್ಲ, ಯಾರ ಬಳಕೆ ಅನ್ನುವುದೇ ಪ್ರಶ್ನೆ.

ಎರೆಹುಳು:
ಅದು ನನಗೂ ಸೇರಿ ತಗಲುವ ಮಾತು. ಆದರೆ 'ನಿನ್ನ ಇಂಗಾಲದ ಹೆಜ್ಜೆ ಎಷ್ಟು' ಅಂತ ಜನರನ್ನು ಕೇಳುವುದನ್ನು ಜೋರಾಗಿ ಪ್ರಚಾರ ಮಾಡಿದ್ದು ಯಾರು ಗೊತ್ತಾ? ಬಿಪಿ, ಅಂದರೆ ಬ್ರಿಟಿಷ್ ತೈಲ ಕಂಪನಿ, 2000ದ ದಶಕದಲ್ಲಿ. ಲೆಕ್ಕ ಹಾಕುವ ಯಂತ್ರವನ್ನೂ ವೆಬ್‌ಸೈಟಿನಲ್ಲಿ ಇಟ್ಟಿತ್ತು. ಅಮೆರಿಕದಲ್ಲಿ 1953ರಲ್ಲಿ 'ದೇಶ ಚೊಕ್ಕಟವಾಗಿಡಿ' ಅಂತ ಸಂಸ್ಥೆ ಕಟ್ಟಿದವರಲ್ಲಿ ಡಬ್ಬಿ, ಬಾಟಲಿ ಕಂಪನಿಗಳೇ ಇದ್ದವು. ಬಾಟಲಿ ತಯಾರಿಸಿದವನು ಕೈ ತೊಳೆದುಕೊಂಡ, ಎಸೆದವನು ಅಪರಾಧಿ.

ಶಕ್ತಿನಗರ:
ಎಲ್ಲರದೂ ಓದಿದೆ. ನಮ್ಮದು ರಾಯಚೂರು. ಇಲ್ಲಿನ ಶಾಖೋತ್ಪನ್ನ ಕೇಂದ್ರ 1720 ಮೆಗಾವಾಟ್. 1985ರಿಂದ ಸುಡುತ್ತಿದ್ದೇವೆ. ಕರೆಂಟ್ ತಂತಿ ಹಿಡಿದು ಹೊರಟು ಹೋಗುತ್ತದೆ, ಹಾರುಬೂದಿ ಇಲ್ಲೇ ಉಳಿಯುತ್ತದೆ. ಒಣಹಾಕಿದ ಬಟ್ಟೆ ಮೇಲೆ, ಜೋಳದ ತೆನೆ ಮೇಲೆ, ನೀರಿನ ಕೊಡದ ಮೇಲೆ. ಬೇಸಿಗೆಯಲ್ಲಿ ನಮ್ಮ ಸುತ್ತಲ ಹಳ್ಳಿಗಳಲ್ಲೇ ಕರೆಂಟ್ ಹೋಗಿರುತ್ತದೆ.

'ಬೆಳವಣಿಗೆ ಬೇಡ', 'ಬಳಕೆ ಇಳಿಸಿ' ಅನ್ನುವ ಜಪಾನಿನ ಮಾತನ್ನು ಇಲ್ಲಿಗೆ ತರಬೇಡ್ರಿ. ನಮ್ಮ ಮನೆಯಲ್ಲಿ ಫ್ಯಾನ್ ಇಳಿಸಬೇಕಾ? ಇಳಿಸುವವರು ಯಾರು, ಏರಿಸಬೇಕಾದವರು ಯಾರು ಅಂತ ಬಿಡಿಸಿ ಹೇಳದ ಪರಿಸರವಾದ ನಮಗೆ ಉಪದೇಶ.

ಟೋಕಿಯೋ ಕನ್ನಡಿಗ:
ಸೈತೋ ಕೂಡ ಶ್ರೀಮಂತ ದೇಶಗಳು ಇಳಿಸಬೇಕು ಅಂತಲೇ ಹೇಳುವುದು. ಆದರೆ ಒಂದು ದೇಶದ ಒಳಗೇ ಬೆಂಗಳೂರು–ರಾಯಚೂರು ಇದ್ದಾಗ ಏನು ಅನ್ನುವುದಕ್ಕೆ ಅವರ ಪುಸ್ತಕದಲ್ಲಿ ನನಗೆ ಉತ್ತರ ಸಿಗಲಿಲ್ಲ.

ಎರೆಹುಳು:
ಒಂದು ಸಣ್ಣ ವಿಷಯಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ಮಾತು ಆಕಾಶಕ್ಕೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಎಲ್ಲರಿಗೂ ಗೊತ್ತು. 2015ರಲ್ಲಿ ಒಮ್ಮೆ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿಕೊಂಡಿತ್ತು. ನೊರೆಗೆ ಮುಖ್ಯ ಕಾರಣ ಡಿಟರ್ಜೆಂಟ್. ಅದರ ಜೊತೆ ಬರುವ ರಂಜಕ ಜೊಂಡು, ಅಂತರಗಂಗೆಗೆ ಹಬ್ಬ. ಅದೇ ರಂಜಕವನ್ನು ನಾವು ಹಡಗಿನಲ್ಲಿ ತರಿಸಿ ಹೊಲಕ್ಕೆ ಹಾಕುತ್ತೇವೆ, ಮಣ್ಣುಪರೀಕ್ಷೆ ಮೇಡಂ ಹೇಳಿದ ಹಾಗೆ.

ನಮ್ಮ ಗುಂಪಿನಲ್ಲಿ ಅಂಟುವಾಳ ಕಾಯಿಯ ದ್ರವ ತರಿಸುವ ಅಭಿಯಾನ ನಡೆಯಿತು. ಹತ್ತಿಪ್ಪತ್ತು ಮನೆ ಸೇರಿದವು, ಮೂರೇ ತಿಂಗಳಿಗೆ ತಣ್ಣಗಾಯಿತು. ಬೆಲೆ ಜಾಸ್ತಿ, ಮಕ್ಕಳ ಯೂನಿಫಾರ್ಮ್ ಬಿಳಿ ಆಗಲ್ಲ ಅಂತ. ಯುರೋಪಿನಲ್ಲಿ ಏನು ಮಾಡಿದರು? ಮನೆಬಳಕೆಯ ಬಟ್ಟೆ ಡಿಟರ್ಜೆಂಟಿನಲ್ಲಿ ರಂಜಕ ಇಷ್ಟನ್ನು ಮೀರಬಾರದು ಅಂತ 2013ರಿಂದ ನಿಯಮ ಜಾರಿ ಮಾಡಿದರು. ಯಾವ ಮನೆಯವರೂ ವ್ರತ ಹಿಡಿಯಬೇಕಾಗಿ ಬರಲಿಲ್ಲ. ಅಂಗಡಿಯಲ್ಲಿ ಕೆಟ್ಟದ್ದು ಸಿಗುವುದೇ ನಿಂತಿತು. ಅದೇನೂ ಕ್ರಾಂತಿ ಅಲ್ಲ. ಬಂಡವಾಳಶಾಹಿ ದೇಶಗಳೇ ಮಾಡಿದ್ದು, ನಿಷ್ಠುರವಾದಿಗಳಿಗೆ ಈ ಅಂಕ ಬಿಟ್ಟುಕೊಡುತ್ತೇನೆ. ಆದರೆ ಕಾರ್ಖಾನೆಯೊಳಗೆ ಏನು ಬೆರೆಸಬೇಕು ಅನ್ನುವುದು ಮಾಲೀಕರೊಬ್ಬರ ತೀರ್ಮಾನ ಅಲ್ಲ ಅಂತ ಅಲ್ಲಿ ಒಪ್ಪಿದ ಹಾಗಾಯಿತು.

ಕೆರೆಯಂಗಳ:
ನಿಮ್ಮ ಡಿಟರ್ಜೆಂಟ್ ನಿಯಮ ಬಂದರೆ ಮೊದಲು ಲಾಭ ನಮಗೆ, ಲಕ್ಷ್ಮೀಸಾಗರಕ್ಕೆ. ಆದರೆ ಸಣ್ಣ ಕಾರ್ಖಾನೆಗಳ ಲೋಹದ ಕೊಳೆ ಅದೇ ಚರಂಡಿಗೆ ಸೇರುತ್ತದಲ್ಲ, ಅದಕ್ಕೇನು ಮಾಡುತ್ತೀರಿ? ಮನೆ ಕೊಳಚೆ, ಕಾರ್ಖಾನೆ ಕೊಳಚೆ ಬೆರೆಸಬಾರದು ಅನ್ನುವುದನ್ನು ಮೊದಲು ಹಿಡಿಯಿರಿ.

ಬಾಳೆತೋಟ:
ಮಣ್ಣುಪರೀಕ್ಷೆ ಮೇಡಂ, ಒಂದು ಕೇಳಬೇಕು. ನಮ್ಮ ಗುಂಡಿಯ ಗೊಬ್ಬರದಲ್ಲಿ ಆ ಲೋಹ ಗೀಹ ಇದೆಯಾ ಅಂತ ನಿಮ್ಮಲ್ಲಿ ನೋಡುತ್ತಾರಾ? ಮಾಮೂಲಿ ಮಣ್ಣಿನ ಕಾರ್ಡಿನಲ್ಲಿ ಅದು ಬರಲ್ಲ.

ಮಣ್ಣುಪರೀಕ್ಷೆ:
ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವುದಿಲ್ಲ, ನಿಜ. ಅದರಲ್ಲಿ ಸತು, ತಾಮ್ರ ಇರುತ್ತದೆ, ಆದರೆ ಅದು ಬೆಳೆಗೆ ಕಡಿಮೆ ಆಯಿತಾ ಅಂತ ನೋಡುವುದಕ್ಕೆ. ನೀವು ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್ ನೋಡಿ ಅಂತ ಬೇರೆಯಾಗಿ ಬರೆದು ಕೊಡಬೇಕು, ದುಡ್ಡೂ ಬೇರೆ. ಮನೆ ಪಿಟ್‌ನದು ಮಾತ್ರ ಆದರೆ ಅಷ್ಟು ಭಯ ಬೇಡ. ಲಾರಿಯವನು ಗ್ಯಾರೇಜು, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನದನ್ನೂ ತುಂಬಿಕೊಂಡು ಬರುತ್ತಾನಾ ಅಂತ ಕೇಳಿ. ಹೌದು ಅಂದರೆ ಆ ಲೋಡು ಇಳಿಸಿಕೊಳ್ಳಬೇಡಿ. ಗುಂಡಿಯ ಮೇಲ್ಭಾಗ, ನಡು, ತಳ ಮೂರೂ ಕಡೆಯಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಸಾಕು. ಕಬ್ಬಿಣದ ಸಲಿಕೆ ಬೇಡ, ಮರದ್ದು ಅಥವಾ ಪ್ಲಾಸ್ಟಿಕ್‌ನದು ಬಳಸಿ. ಜಂತುಹುಳುವಿನ ಮೊಟ್ಟೆ ಇದೆಯಾ ಅನ್ನುವ ಪರೀಕ್ಷೆಯೂ ಮಾಡಿಸಿದರೆ ಒಳ್ಳೆಯದು, ಅದು ನಮ್ಮಲ್ಲಿ ಇಲ್ಲ, ಎಲ್ಲಿ ಮಾಡುತ್ತಾರೆ ಅಂತ ವಿಚಾರಿಸಿ ಇಲ್ಲೇ ಹಾಕುತ್ತೇನೆ.

ನೀಲಿ ಶಾಯಿ:
ಆ ಮೂರು ಹಿಡಿ ತೆಗೆಯುವಾಗ ಗ್ಲೌಸ್, ಗಮ್‌ಬೂಟ್ ಹಾಕಿಕೊಳ್ಳಿ ಅಂತಲೂ ಸೇರಿಸಿ ಮೇಡಂ. ಅಕ್ಕಪಕ್ಕದ ತೋಟದವರಿಗೂ ತೋರಿಸಿ ಬಾಳೆತೋಟದವರೇ. ಕೂಲಿ ಕೊಡುವಾಗಲೇ ಅದನ್ನೂ ಕೊಡಬೇಕು.